ವಸಡು ಮತ್ತು ಸಕ್ಕರೆ: ಅರವತ್ತೆರಡು ವರ್ಷ ಕಾದ ಒಂದು ಪ್ರಶ್ನೆ

1960ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಸಣ್ಣ ವರದಿ ಬಂತು. ಬರೆದವರು ವಿಲಿಯಮ್ಸ್ ಮತ್ತು ಮಹನ್ ಎಂಬಿಬ್ಬರು. ಅವರು ನೋಡಿದ್ದು ಕೇವಲ ಒಂಬತ್ತು ರೋಗಿಗಳನ್ನು. ಎಲ್ಲರಿಗೂ ಸಕ್ಕರೆ ಕಾಯಿಲೆ, ಎಲ್ಲರ ವಸಡೂ ಕೆಟ್ಟಿತ್ತು. ಉಳಿಯಲಾರದ ಹಲ್ಲುಗಳನ್ನು ಕಿತ್ತರು, ಉಳಿದವುಗಳ ಬುಡಕ್ಕೆ ಕಟ್ಟಿದ್ದ ಕಿಟ್ಟವನ್ನು ಕೆರೆದು ತೆಗೆದರು, ಬೇಕಾದಲ್ಲಿ ವಸಡಿನ ಶಸ್ತ್ರಚಿಕಿತ್ಸೆ ಮಾಡಿದರು, ಆ್ಯಂಟಿಬಯಾಟಿಕ್ ಕೊಟ್ಟರು. ಬಾಯಿ ವಾಸಿಯಾದ ಮೇಲೆ ಒಂಬತ್ತರಲ್ಲಿ ಏಳು ಜನರಿಗೆ ಮೊದಲಿಗಿಂತ ಕಡಿಮೆ ಇನ್ಸುಲಿನ್ ಸಾಕಾಯಿತು.

ಸಕ್ಕರೆ ಕಾಯಿಲೆಯವರ ಹಲ್ಲು ಬೇಗ ಅಲ್ಲಾಡುತ್ತದೆ ಎಂಬುದು ಆಗಲೇ ಹಳೆಯ ಮಾತಾಗಿತ್ತು. ನ್ಯೂಯಾರ್ಕಿನ ದಂತವೈದ್ಯ ಇಸಡೋರ್ ಹಿರ್ಷ್‌ಫೆಲ್ಡ್ 1934ರಲ್ಲೇ ಮಧುಮೇಹಿಗಳ ವಸಡಿನ ಲಕ್ಷಣಗಳ ಬಗ್ಗೆ ಪ್ರತ್ಯೇಕ ಲೇಖನ ಬರೆದಿದ್ದರು. ಆದರೆ ಈ ವರದಿ ಮಾತನ್ನು ತಿರುಗಿಸಿ ಹೇಳುತ್ತಿತ್ತು. ಸಕ್ಕರೆ ವಸಡನ್ನು ಕೆಡಿಸುವುದಷ್ಟೇ ಅಲ್ಲ, ಕೆಟ್ಟ ವಸಡು ಸಕ್ಕರೆಯನ್ನೂ ಏರಿಸುತ್ತಿರಬಹುದು. ಹಾಗಿದ್ದರೆ ದಂತವೈದ್ಯರ ಕುರ್ಚಿಯಲ್ಲಿ ಕಳೆದ ಒಂದೆರಡು ಗಂಟೆ ಇನ್ಸುಲಿನ್ ಸೂಜಿಯ ಕೆಲಸವನ್ನು ಸ್ವಲ್ಪ ಮಟ್ಟಿಗಾದರೂ ಮಾಡುತ್ತದೆ.

ಇಂಥ ಮಾತು ಕೇಳಿದರೆ ಮರುವರ್ಷವೇ ಹತ್ತು ಕಡೆ ಪ್ರಯೋಗ ನಡೆಯಬೇಕಿತ್ತು. ನಡೆಯಲಿಲ್ಲ. ಒಪ್ಪುವಂಥ ಉತ್ತರ ಬಂದಿದ್ದು 2022ರಲ್ಲಿ. ನಡುವಿನ ಅರವತ್ತೆರಡು ವರ್ಷ ಏನಾಯಿತು ಎಂದು ಹುಡುಕಿದರೆ ಸಿಗುವುದು ಬರೀ ಸೋಮಾರಿತನವಲ್ಲ. ಅದರಲ್ಲಿ ಒಂದು ಹಳೆಯ ಅವಮಾನವಿದೆ, ಇಲ್ಲದ ಒಂದು ಅಳತೆಗೋಲಿದೆ, ಬೇರೆಬೇರೆ ಮನೆ ಮಾಡಿಕೊಂಡ ಎರಡು ವೃತ್ತಿಗಳಿವೆ.

ಭಾರತದಲ್ಲಿ ಕೂತು ಈ ಕಥೆ ಹೇಳುವಾಗ ಸುಶ್ರುತನನ್ನು ದಾಟಿ ಹೋಗಲಾಗದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹಕ್ಕೆ ಒಂದು ಅಧ್ಯಾಯವಿದೆ. ಕಾಯಿಲೆ ಪೂರ್ತಿ ಕಾಣಿಸಿಕೊಳ್ಳುವ ಮೊದಲು ಬರುವ ಸೂಚನೆಗಳ ಪಟ್ಟಿ ಅಲ್ಲಿದೆ: ಅಂಗೈ ಅಂಗಾಲು ಉರಿ, ಬಾಯಾರಿಕೆ, ಜಡತೆ, ಉಸಿರಿನ ದುರ್ವಾಸನೆ. ಅವುಗಳ ಜೊತೆಗೆ ಅಂಗುಳ, ಗಂಟಲು, ನಾಲಿಗೆ ಮತ್ತು ಹಲ್ಲುಗಳಲ್ಲಿ ಕೊಳೆ ಕಟ್ಟುವುದು ಕೂಡ. ಮುಂದೆ ಮಾಧವನಿದಾನದಲ್ಲೂ ಹಲ್ಲಿಗೆ ಮಲ ಕಟ್ಟುವುದು ಪ್ರಮೇಹದ ಮುನ್ಸೂಚನೆಯಾಗಿ ಬರುತ್ತದೆ. ಇದನ್ನು ಹಿಡಿದು ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಕುಣಿಯಬೇಕಿಲ್ಲ. ಪ್ರಮೇಹ ಎಂಬುದು ಇಪ್ಪತ್ತು ಬಗೆಯ ಮೂತ್ರದೋಷಗಳಿಗೆ ಇಟ್ಟ ಒಟ್ಟು ಹೆಸರು, ಇವತ್ತಿನ ಮಧುಮೇಹ ಅದರೊಳಗಿನ ಒಂದು ಭಾಗಕ್ಕೆ ಹತ್ತಿರ ಬರುತ್ತದೆ, ಅಷ್ಟೆ. ವಸಡಿನ ಹದಿನೈದು ರೋಗಗಳನ್ನು ಸುಶ್ರುತ ಹೆಸರಿಸುವುದು ಅದೇ ನಿದಾನಸ್ಥಾನದಲ್ಲಿ, ಹತ್ತು ಅಧ್ಯಾಯ ದಾಟಿದ ಮೇಲೆ, ಬೇರೆಯೇ ವಿಷಯವಾಗಿ. ಆದರೂ ಒಂದು ಮಾತು ಒಪ್ಪಲೇಬೇಕು. ಸೂಕ್ಷ್ಮದರ್ಶಕ, ರಕ್ತಪರೀಕ್ಷೆ ಏನೂ ಇಲ್ಲದ ಕಾಲದಲ್ಲಿ ಕಾಯಿಲೆಯ ಸುಳಿವಿಗೆ ರೋಗಿಯ ಬಾಯಿ ತೆರೆಸಿ ನೋಡುವ ಅಭ್ಯಾಸ ಅಲ್ಲಿತ್ತು. ಆಮೇಲೆ ಬಹುಕಾಲ ಆ ಅಭ್ಯಾಸವೇ ತಪ್ಪಿಹೋಯಿತು.

ಕನ್ನಡದ ಮಾತಿನಲ್ಲೂ ಒಂದು ವಿಚಿತ್ರವಿದೆ. ಹಲ್ಲು ಕೊರೆದು ತೂತು ಬೀಳುವ ಕಾಯಿಲೆಗೆ ಎಲ್ಲರ ಬಾಯಲ್ಲೂ ಒಂದು ಹೆಸರಿದೆ: ಹುಳುಕು. ಹಲ್ಲನ್ನು ಹುಳು ತಿನ್ನುತ್ತದೆ ಎಂಬ ನಂಬಿಕೆ ಆ ಪದದೊಳಗೆ ಇನ್ನೂ ಬೆಚ್ಚಗೆ ಕೂತಿದೆ. ಅದು ಬಾಬಿಲೋನಿನಿಂದ ಹಿಡಿದು ಅರ್ಧ ಜಗತ್ತಿಗೆ ಇದ್ದ ನಂಬಿಕೆ. 1728ರಲ್ಲಿ ಹಲ್ಲಿನ ವೈದ್ಯದ ಮೊದಲ ದೊಡ್ಡ ಗ್ರಂಥ ಬರೆದ ಫ್ರಾನ್ಸಿನ ಪಿಯೆರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ತನಗೆ ಹುಳು ಕಾಣಲಿಲ್ಲ ಎಂದ ಮೇಲೆ ಯುರೋಪಿನಲ್ಲಿ ಅದು ಸಡಿಲವಾಯಿತು. ಆದರೆ ವಸಡು ಬಾತು, ರಕ್ತ ಒಸರಿ, ಒಳಗೆ ಕೀವು ಕೂತು, ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುವ ಕಾಯಿಲೆಗೆ ಕನ್ನಡದಲ್ಲಿ ಅಂಥ ಮನೆಮಾತಿನ ಹೆಸರಿಲ್ಲ. ‘ವಸಡಲ್ಲಿ ರಕ್ತ ಬರುತ್ತೆ’, ‘ಹಲ್ಲು ಅಲ್ಲಾಡ್ತಿದೆ’ ಎಂದು ಲಕ್ಷಣ ಹೇಳುತ್ತಾರೆ. ಹಳೆಯ ಹಲ್ಲುಪುಡಿಯ ಜಾಹೀರಾತುಗಳಿಂದ ‘ಪಯೋರಿಯಾ’ ಎಂಬುದು ಒಂದಿಷ್ಟು ಜನರ ಕಿವಿಗೆ ಬಿದ್ದಿತ್ತು. ಹೆಸರಿಲ್ಲದ್ದನ್ನು ಜನ ಕಾಯಿಲೆ ಎಂದು ಎಣಿಸುವುದಿಲ್ಲ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ನೋವು ಕಡಿಮೆ ಇರುವುದರಿಂದ ಹಾಗೆ ಅಂದುಕೊಳ್ಳುವುದು ಇನ್ನೂ ಸುಲಭ.

ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದಕ್ಕೆ ಒಬ್ಬ ಮನುಷ್ಯನ ಹೆಸರೇ ಇತ್ತು: ರಿಗ್ಸ್ ಕಾಯಿಲೆ. ಹಾರ್ಟ್‌ಫರ್ಡ್ ಊರಿನ ಜಾನ್ ರಿಗ್ಸ್ 1844ರಲ್ಲಿ ತನ್ನ ಸಹೋದ್ಯೋಗಿ ಹೊರೇಸ್ ವೆಲ್ಸ್‌ಗೆ ನಗೆ ಅನಿಲ ಕೊಡಿಸಿ ನೋವಿಲ್ಲದೆ ಹಲ್ಲು ಕಿತ್ತವನು. ಅರಿವಳಿಕೆಯ ಚರಿತ್ರೆಯಲ್ಲಿ ಅದಕ್ಕೇ ದೊಡ್ಡ ಜಾಗವಿದೆ. ಅವನ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ: ವಸಡು ಕೆಟ್ಟರೆ ಹಲ್ಲು ಕೀಳಬೇಕಿಲ್ಲ, ಬುಡದ ಕಿಟ್ಟವನ್ನು ಉಪಕರಣದಿಂದ ಕೆರೆದು ತೆಗೆದರೆ ಉಳಿಯುತ್ತದೆ ಎಂದು ಅವನು ಹೇಳುತ್ತ ಬಂದ.

ಉಳಿಸುವ ಈ ದಾರಿ ತಪ್ಪಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಬಾಯೊಳಗಿನ ಸೂಕ್ಷ್ಮಜೀವಿಗಳ ಮೇಲೆ ಪುಸ್ತಕ ಬರೆದ, ಮರುವರ್ಷ ಬಾಯಿ ಇಡೀ ದೇಹದ ಸೋಂಕಿಗೆ ಮೂಲವಾಗಬಹುದು ಎಂದು ವಾದಿಸಿದ. ಆ ಮಾತು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೈಯಲ್ಲಿ ಕತ್ತಿಯಾಯಿತು. 1910ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಅವನು, ಕೀವಿನ ರಾಶಿಯ ಮೇಲೆ ಚಿನ್ನದ ಗೋರಿ ಕಟ್ಟುತ್ತೀರಿ ಎಂಬರ್ಥದಲ್ಲಿ ದಂತವೈದ್ಯರನ್ನು ಜಾಡಿಸಿದ. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಇದನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದ. ದೇಹದ ಒಂದು ಮೂಲೆಯಲ್ಲಿ ಕೂತ ಸಣ್ಣ ಸೋಂಕು ದೂರದ ಕೀಲು, ಹೃದಯ, ಮೂತ್ರಪಿಂಡಗಳಲ್ಲಿ ಕಾಯಿಲೆ ಹುಟ್ಟಿಸುತ್ತದೆ, ಆದ್ದರಿಂದ ಆ ಮೂಲೆಯನ್ನೇ ಕಿತ್ತುಹಾಕು. ಆ ಮೂಲೆ ಹೆಚ್ಚಾಗಿ ಟಾನ್ಸಿಲ್ ಇಲ್ಲವೇ ಹಲ್ಲು.

ಅಲ್ಲಿಂದ ಸುಮಾರು ಮೂವತ್ತು ವರ್ಷ ಬಾಯಿಯ ಮೇಲೆ ನಡೆದದ್ದು ದಾಳಿ. ಎಕ್ಸ್‌ರೇಯಲ್ಲಿ ಒಂದು ನೆರಳು ಕಂಡರೆ ಹಲ್ಲು ಹೋಯಿತು. ಸಂಧಿವಾತಕ್ಕೆ, ತಲೆನೋವಿಗೆ, ದಣಿವಿಗೆ ಹಲ್ಲು ಕೀಳುವುದೇ ಮದ್ದಾಯಿತು. ಅತ್ಯಂತ ಕ್ರೂರ ಅಧ್ಯಾಯ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯದು. ಅಲ್ಲಿನ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಬಾಯಿಯ ಕೀವೇ ಕಾರಣ ಎಂದು ನಂಬಿ ರೋಗಿಗಳ ಸಾವಿರಾರು ಹಲ್ಲುಗಳನ್ನು ಕೀಳಿಸಿದ. ಹಲ್ಲಿಗೆ ನಿಲ್ಲದೆ ದೊಡ್ಡ ಕರುಳಿನವರೆಗೂ ಹೋದ, ಆ ಶಸ್ತ್ರಚಿಕಿತ್ಸೆಗಳಲ್ಲಿ ಅನೇಕರು ಸತ್ತರು. 1920ರ ದಶಕದ ನಡುವೆ ಫಿಲಿಸ್ ಗ್ರೀನೇಕರ್ ಎಂಬ ಮನೋವೈದ್ಯೆ ಅಲ್ಲಿಗೆ ಹೋಗಿ ಲೆಕ್ಕ ಹಾಕಿ, ಚಿಕಿತ್ಸೆಯಿಂದ ಲಾಭವಿಲ್ಲ, ಹಾನಿಯೇ ಹೆಚ್ಚು ಎಂದು ತೋರಿಸಿದಳು. ಆ ವರದಿಯನ್ನು ಒಳಗೇ ಮುಚ್ಚಿಟ್ಟರು.

ಸಿದ್ಧಾಂತ ಕುಸಿದದ್ದು ಅದನ್ನು ಒಂದು ಕಾಲದಲ್ಲಿ ನಂಬಿದ್ದವರಿಂದಲೇ. ರಸೆಲ್ ಸೆಸಿಲ್ ಮತ್ತು ಆಂಜವೈನ್ 1938ರಲ್ಲಿ ಸಂಧಿವಾತದ 200 ರೋಗಿಗಳನ್ನು ನೋಡಿ, ಹಲ್ಲು ಮತ್ತು ಟಾನ್ಸಿಲ್ ತೆಗೆಸಿದ್ದರಿಂದ ಪ್ರಯೋಜನವಾಗಿಲ್ಲ ಎಂದು ಬರೆದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಬಾಯಿಯಿಂದ ಮೈಗೆ ಕಾಯಿಲೆ ಹರಡುತ್ತದೆ ಎನ್ನುವವನನ್ನು ಗಂಭೀರ ವೈದ್ಯರು ಅನುಮಾನದಿಂದ ನೋಡುವ ಸ್ಥಿತಿ ಬಂದಿತ್ತು. ಅನುಮಾನ ನ್ಯಾಯವಾದದ್ದೇ. ಆದರೆ ಅದರ ಜೊತೆ ಒಂದು ನಿಜವಾದ ಪ್ರಶ್ನೆಯೂ ಕಸದ ಬುಟ್ಟಿಗೆ ಹೋಯಿತು. 1960ರ ಆ ಒಂಬತ್ತು ರೋಗಿಗಳ ವರದಿ ಬಂದು ಬಿದ್ದದ್ದು ಈ ನೆಲದ ಮೇಲೆ.

ಅಳತೆಗೋಲೂ ಇರಲಿಲ್ಲ. ಆ ಕಾಲದಲ್ಲಿ ಸಕ್ಕರೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಮನೆಯಲ್ಲಿದ್ದ ಉಪಾಯ ಮೂತ್ರಪರೀಕ್ಷೆ. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಿದರೆ ನೀಲಿ ಹಸಿರಾಗುತ್ತದೆ, ಹಳದಿಯಾಗುತ್ತದೆ, ಸಕ್ಕರೆ ಹೆಚ್ಚಿದ್ದರೆ ಇಟ್ಟಿಗೆ ಕೆಂಪಾಗುತ್ತದೆ. ಆ ಬಣ್ಣ ಹೇಳುವುದು ಹಿಂದಿನ ಕೆಲವು ಗಂಟೆಗಳ ಸುದ್ದಿ. ರಕ್ತ ತೆಗೆದು ನೋಡಿದರೂ ಆ ಕ್ಷಣದ್ದಷ್ಟೇ. ವಸಡಿನ ಚಿಕಿತ್ಸೆಯ ಫಲ ಕಾಣಬೇಕಾದರೆ ಮೂರು ತಿಂಗಳ ಒಟ್ಟು ಲೆಕ್ಕ ಬೇಕು.

ಆ ಲೆಕ್ಕದ ಬೀಗದ ಕೈ ಸಿಕ್ಕಿದ್ದು ಟೆಹರಾನಿನಲ್ಲಿ. ಇರಾನಿನ ಸ್ಯಾಮ್ಯುಯೆಲ್ ರಹಬರ್ ಹಿಮೋಗ್ಲೋಬಿನ್ನಿನ ಅಸಹಜ ಬಗೆಗಳನ್ನು ಹುಡುಕುತ್ತಿದ್ದಾಗ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಒಂದು ವಿಚಿತ್ರ ಪಟ್ಟಿ ಕಂಡಿತು. 1968ರಲ್ಲಿ ಅವರು ಅದನ್ನು ಪ್ರಕಟಿಸಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಆ ಕೆಂಪುಕಣ ಸಾಯುವವರೆಗೂ ಬಿಡುವುದಿಲ್ಲ. ಆದ್ದರಿಂದ ಅಂಟಿದ ಪ್ರಮಾಣ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಹತೋಟಿ ಅಳೆಯಲು ಇದನ್ನು ಬಳಸಬಹುದು ಎಂದು 1976ರಲ್ಲಿ ಕೋನಿಗ್, ಸೆರಾಮಿ ಮತ್ತು ಸಂಗಡಿಗರು ತೋರಿಸಿದರು. ಇವತ್ತು ಎಲ್ಲ ಲ್ಯಾಬಿನ ಚೀಟಿಯ ಮೇಲೂ ಇರುವ ಎಚ್‌ಬಿಎ1ಸಿ ಅದೇ. ಇರಾನಿನ ಕ್ರಾಂತಿಯ ನಂತರ ರಹಬರ್ ದೇಶ ಬಿಟ್ಟು ಅಮೆರಿಕ ಸೇರಿದರು.

ಇನ್ನು ವಸಡಿನ ಕಡೆಯ ಕೆಲಸ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ನಾರ್ವೆಯ ಹರಾಲ್ಡ್ ಲೋ. 1965ರಲ್ಲಿ ಅವರು ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಎಲ್ಲರ ವಸಡೂ ಬಾತಿತು, ಮತ್ತೆ ಉಜ್ಜಲು ತೊಡಗಿದ ಮೇಲೆ ಸರಿಹೋಯಿತು. ವಸಡಿನ ಊತಕ್ಕೆ ಹಲ್ಲಿನ ಪಾಚಿಯೇ ಕಾರಣ ಎಂಬುದು ಅಲ್ಲಿಗೆ ಖಚಿತವಾಯಿತು. ಆದರೆ ಪಾಚಿಯೊಂದೇ ಎಲ್ಲ ಅಲ್ಲ ಎಂಬುದೂ ಲೋ ಅವರ ಇನ್ನೊಂದು ಕೆಲಸದಿಂದಲೇ ಹೊರಬಂತು. 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳಲ್ಲಿ 480 ತಮಿಳು ಕೂಲಿ ಕಾರ್ಮಿಕರ ಬಾಯಿಗಳನ್ನು ವರ್ಷಗಟ್ಟಲೆ ನೋಡುವ ಅಧ್ಯಯನ ಆರಂಭವಾಯಿತು. ಬ್ರಿಟಿಷರು ಚಹಾ ಗಿಡಗಳ ಜೊತೆ ದಕ್ಷಿಣ ಭಾರತದಿಂದ ಕರೆದೊಯ್ದು ಬೆಟ್ಟದ ಲೈನ್ ಮನೆಗಳಲ್ಲಿ ಇರಿಸಿದವರ ವಂಶದವರು ಇವರು. ದಂತವೈದ್ಯ ಎಂಬುದೇ ಅವರ ಬದುಕಿನಲ್ಲಿರಲಿಲ್ಲ, ಎಲ್ಲರ ಹಲ್ಲಿಗೂ ಪಾಚಿ, ಎಲ್ಲರ ವಸಡಿಗೂ ಊತ. ಆದರೂ 1986ರ ವರದಿಯ ಪ್ರಕಾರ ಸುಮಾರು 8% ಜನರಲ್ಲಿ ಮೂಳೆ ಬೇಗ ಬೇಗ ಕರಗಿತು, 81% ಜನರಲ್ಲಿ ನಿಧಾನವಾಗಿ, 11% ಜನರಲ್ಲಿ ಊತದಿಂದ ಮುಂದಕ್ಕೆ ಹೋಗಲೇ ಇಲ್ಲ. ಅದೇ ಪಾಚಿ, ಮೂರು ಬಗೆಯ ಪರಿಣಾಮ. ಅಂದರೆ ಕಾಯಿಲೆ ಎಷ್ಟು ಮುಂದುವರಿಯಬೇಕು ಎಂಬುದನ್ನು ಪಾಚಿಯಷ್ಟೇ ದೇಹವೂ ತೀರ್ಮಾನಿಸುತ್ತದೆ. ಹಾಗಾದರೆ ಯಾವ ದೇಹ ಸೋಲುತ್ತದೆ?

ಅರಿಝೋನಾದ ಮರುಭೂಮಿಯಲ್ಲಿ ಗಿಲಾ ನದಿಯ ದಂಡೆಯಲ್ಲಿ ಪೀಮಾ ಜನರಿದ್ದಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ಅಕಿಮೆಲ್ ಓಧಮ್ ಎಂದು, ನದಿಯ ಜನ ಎಂಬರ್ಥ. ಕಾಲುವೆ ತೋಡಿ ಜೋಳ, ಅವರೆ ಬೆಳೆಯುತ್ತಿದ್ದ ಒಕ್ಕಲುತನದವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೇಲಿನ ಹರಿವಿನಲ್ಲಿ ನೆಲೆಸಿದ ಬಿಳಿಯರು ನೀರನ್ನು ತಿರುಗಿಸಿಕೊಂಡರು. ನದಿ ಒಣಗಿತು, ಬೆಳೆ ಹೋಯಿತು, ಹಸಿವು ಬಂತು. ಅದರ ಹಿಂದೆ ಸರಕಾರದ ಪಡಿತರವಾಗಿ ಬಿಳಿಹಿಟ್ಟು, ಸಕ್ಕರೆ, ಹಂದಿಕೊಬ್ಬು ಬಂದವು. ಅರ್ಧ ಶತಮಾನ ದಾಟುವಷ್ಟರಲ್ಲಿ, ಮೂವತ್ತೈದು ದಾಟಿದ ಪೀಮಾ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಕ್ಕರೆ ಕಾಯಿಲೆ. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅವರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂತು. ಟೈಪ್ 2 ಮಧುಮೇಹದ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಜನರ ರಕ್ತದಿಂದ ಬಂದದ್ದು. ಪ್ರತಿಯಾಗಿ ಅವರಿಗೆ ಸಿಕ್ಕಿದ್ದೆಷ್ಟು ಎಂಬುದು ಬೇರೆಯೇ ಪ್ರಬಂಧ ಬೇಡುವ ಪ್ರಶ್ನೆ.

1980ರ ದಶಕದಲ್ಲಿ ಆ ಪರೀಕ್ಷೆಗೆ ಬಾಯಿಯೂ ಸೇರಿತು. ಮಧುಮೇಹ ಇರುವ ಪೀಮಾ ಜನರಲ್ಲಿ ವಸಡಿನ ಕಾಯಿಲೆ ಹೊಸದಾಗಿ ಬರುವ ಪ್ರಮಾಣ ಇಲ್ಲದವರಿಗಿಂತ 2.6 ಪಟ್ಟು ಎಂದು 1990ರಲ್ಲಿ ವರದಿಯಾಯಿತು. 1996ರಲ್ಲಿ ಟೇಲರ್ ಮತ್ತು ಸಂಗಡಿಗರು ತಿರುವು ಮಾತು ಹೇಳಿದರು: ಆರಂಭದಲ್ಲಿ ಹತೋಟಿ ತೀರಾ ಕೆಟ್ಟಿರದವರಲ್ಲೂ, ವಸಡು ತೀವ್ರವಾಗಿ ಕೆಟ್ಟಿದ್ದವರ ಸಕ್ಕರೆ ಮುಂದೆ ಕೈಮೀರುವ ಸಾಧ್ಯತೆ ಹೆಚ್ಚು. ಬಫಲೋ ಊರಿನ ಸಾರಾ ಗ್ರಾಸಿ ಮತ್ತು ರಾಬರ್ಟ್ ಜೆಂಕೋ ಅವರ ತಂಡ 113 ಪೀಮಾ ಜನರಿಗೆ ವಸಡಿನ ಚಿಕಿತ್ಸೆ ಕೊಟ್ಟು, ಡಾಕ್ಸಿಸೈಕ್ಲಿನ್ ಜೊತೆ ಪಡೆದವರಲ್ಲಿ ಮೂರು ತಿಂಗಳಿಗೆ ಎಚ್‌ಬಿಎ1ಸಿ ಇಳಿದದ್ದನ್ನು 1997ರಲ್ಲಿ ತೋರಿಸಿತು. 2005ರಲ್ಲಿ ಬಂದದ್ದು ಸಾವಿನ ಲೆಕ್ಕ. ಮಧುಮೇಹವಿದ್ದ 628 ಪೀಮಾ ಜನರನ್ನು ವರ್ಷಗಳ ಕಾಲ ನೋಡಿದಾಗ, ವಸಡು ತೀವ್ರವಾಗಿ ಕೆಟ್ಟಿದ್ದವರು ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ಸಾಯುವ ಅಪಾಯ ಉಳಿದವರ 3.2 ಪಟ್ಟು ಇತ್ತು.

ಇವುಗಳ ನಡುವೆ 1993 ಒಂದು ವಿಶೇಷ ವರ್ಷ. ಆ ವರ್ಷ ಲೋ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ವಸಡಿನ ಕಾಯಿಲೆಯನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದರು. ಕಣ್ಣು, ಮೂತ್ರಪಿಂಡ, ನರ, ದೊಡ್ಡ ರಕ್ತನಾಳ ಮತ್ತು ಮಾಯದ ಗಾಯ, ಇವು ಹಿಂದಿನ ಐದು. ಅದನ್ನು ಅವರು ಬರೆದದ್ದು ದಂತವೈದ್ಯರ ಪತ್ರಿಕೆಯಲ್ಲಲ್ಲ ಎಂಬುದನ್ನು ಗಮನಿಸಬೇಕು. ಅದೇ ವರ್ಷ ಹಾರ್ವರ್ಡಿನಲ್ಲಿ ಟರ್ಕಿ ಮೂಲದ ಗೋಖಾನ್ ಹೊತಮಿಶ್ಲಿಗಿಲ್ ಮತ್ತು ಸಂಗಡಿಗರು, ಉರಿಯೂತದ ಸಂದೇಶ ಒಯ್ಯುವ ಟಿಎನ್‌ಎಫ್-ಆಲ್ಫಾ ಎಂಬ ವಸ್ತು ದಪ್ಪ ಪ್ರಾಣಿಗಳ ಕೊಬ್ಬಿನಲ್ಲಿ ಹೆಚ್ಚಿರುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ತೋರಿಸಿದರು. ವಸಡಿನ ವಿಷಯಕ್ಕೂ ಇದಕ್ಕೂ ಅವರ ಲೇಖನದಲ್ಲಿ ಸಂಬಂಧವಿರಲಿಲ್ಲ. ಆದರೆ ಬೇಕಿದ್ದ ಸೇತುವೆ ಅದೇ ಆಗಿತ್ತು. ಕೆಟ್ಟ ವಸಡಿನಲ್ಲೂ ಅದೇ ವಸ್ತು ತಯಾರಾಗುತ್ತದೆ, ರಕ್ತಕ್ಕೆ ಸೇರುತ್ತದೆ. ಹಲ್ಲು ಮತ್ತು ವಸಡಿನ ನಡುವೆ ಆದ ಸಂದುಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟು ಅಗಲದ ಗಾಯ ಎಂದು 2001ರಲ್ಲಿ ಲೆಕ್ಕ ಹಾಕಿದವರಿದ್ದಾರೆ: 8ರಿಂದ 20 ಚದರ ಸೆಂಟಿಮೀಟರ್. ಅಷ್ಟು ದೊಡ್ಡ ಗಾಯ ಕಾಲಿನ ಮೇಲೆ ಕೀವು ಸುರಿಸುತ್ತ ಕೂತಿದ್ದರೆ ಯಾವ ಮಧುಮೇಹಿಯೂ ವರ್ಷಗಟ್ಟಲೆ ಸುಮ್ಮನಿರುತ್ತಿರಲಿಲ್ಲ. ಇತ್ತ ಸಕ್ಕರೆ ಹೆಚ್ಚಾದಾಗ ಪ್ರೋಟೀನುಗಳಿಗೆ ಅದು ಅಂಟಿ ಆಗುವ ಸಂಯುಕ್ತಗಳು ವಸಡಿನ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತವೆ. ಹೀಗೆ ಒಂದು ಇನ್ನೊಂದಕ್ಕೆ ತುಪ್ಪ ಸುರಿಯುತ್ತದೆ.

ಇದಕ್ಕೂ ಹಳೆಯ ಬಿಲ್ಲಿಂಗ್ಸ್ ಸಿದ್ಧಾಂತಕ್ಕೂ ವ್ಯತ್ಯಾಸವಿದೆ. ಅಲ್ಲಿ ಹಲ್ಲು ಅಪರಾಧಿ, ಶಿಕ್ಷೆ ಕೀಳುವುದು. ಇಲ್ಲಿ ಉರಿಯೂತ ಆರಿಸುವುದು ಗುರಿ, ಹಲ್ಲು ಉಳಿಯುತ್ತದೆ. ರಿಗ್ಸ್ ಹೇಳಿದ ಕೆರೆಯುವ ಕೆಲಸಕ್ಕೇ ಮರಳಿದಂತಾಯಿತು.

ಆದರೂ ಹಳೆಯ ಅನುಮಾನ ಸುಲಭಕ್ಕೆ ಬಿಡಲಿಲ್ಲ. ಅಮೆರಿಕದ ಐದು ಕೇಂದ್ರಗಳಲ್ಲಿ 514 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2013ರಲ್ಲಿ ಬಂತು. ಆರು ತಿಂಗಳಿಗೆ ಎಚ್‌ಬಿಎ1ಸಿ ಒಂದಿಷ್ಟೂ ಇಳಿದಿರಲಿಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ವಿಷಯ ಅಲ್ಲಿಗೆ ಮುಗಿಯಿತು ಎಂದು ಅನೇಕರು ಅಂದುಕೊಂಡರು. ಮರುವರ್ಷ ಇಪ್ಪತ್ತಕ್ಕೂ ಹೆಚ್ಚು ತಜ್ಞರು ಸೇರಿ ಒಂದು ಆಕ್ಷೇಪ ಬರೆದರು. ಅವರ ಮಾತು ಸರಳ: ಚಿಕಿತ್ಸೆಯ ನಂತರವೂ ಆ ರೋಗಿಗಳ ಬಾಯಲ್ಲಿ ಪಾಚಿ, ಊತ ಧಾರಾಳವಾಗಿ ಉಳಿದಿತ್ತು, ಜೊತೆಗೆ ಹಲವರ ಸಕ್ಕರೆ ಆರಂಭದಲ್ಲೇ ಒಂದು ಮಟ್ಟಿಗೆ ಹತೋಟಿಯಲ್ಲಿತ್ತು. ಸೋತವರು ನೆಪ ಹೇಳುತ್ತಿದ್ದಾರೆ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಆಕ್ಷೇಪವನ್ನು ಪರೀಕ್ಷಿಸಿ ನೋಡುವಂಥ ಪ್ರಯೋಗವೂ ನಡೆಯಿತು. ಲಂಡನ್ನಿನಲ್ಲಿ ಫ್ರಾಂಚೆಸ್ಕೊ ಡಯೂತೊ ತಂಡ 264 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮೇಲುಮೇಲಿನ ಶುಚಿ, ಇನ್ನೊಂದಕ್ಕೆ ವಸಡಿನೊಳಗಿನ ಪೂರ್ಣ ಶುಚಿ, ಬೇಕಾದವರಿಗೆ ಶಸ್ತ್ರಚಿಕಿತ್ಸೆ, ಮೂರು ತಿಂಗಳಿಗೊಮ್ಮೆ ಮತ್ತೆ ಶುಚಿ. ಒಂದು ವರ್ಷದ ನಂತರ ಎರಡನೇ ಗುಂಪಿನ ಎಚ್‌ಬಿಎ1ಸಿ ಮೊದಲನೆಯದಕ್ಕಿಂತ 0.6ರಷ್ಟು ಕಡಿಮೆ ಇತ್ತು. ಇದು ಬಂದದ್ದು 2018ರಲ್ಲಿ. ನಾಲ್ಕು ವರ್ಷದ ಮೇಲೆ ಕಾಕ್ರನ್ ಸಂಸ್ಥೆ 35 ಪ್ರಯೋಗಗಳ, 3,249 ಜನರ ಲೆಕ್ಕ ಒಟ್ಟು ಮಾಡಿತು: ಮೂರು ನಾಲ್ಕು ತಿಂಗಳಿಗೆ 0.43, ಆರು ತಿಂಗಳಿಗೆ 0.30 ಇಳಿಕೆ. ಇನ್ನು ಮೇಲೆ ಇಂಥ ಪ್ರಯೋಗ ಮಾಡಿದರೂ ಒಟ್ಟು ತೀರ್ಮಾನ ಬದಲಾಗುವುದು ಅನುಮಾನ ಎಂದೂ ಬರೆಯಿತು. ಅದೇ 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಸಕ್ಕರೆ ಕಾಯಿಲೆಯವರಿಗೆ ವಸಡಿನ ವಿಷಯ ಹೇಳಬೇಕು ಎಂದು ವೈದ್ಯರಿಗೆ ಕೊಡುವ ಮಾರ್ಗಸೂಚಿಗೆ ಸೇರಿಸಿತು.

0.4 ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಮೆಟ್‌ಫಾರ್ಮಿನ್ ಇಳಿಸುವುದು ಸುಮಾರು 1. ಅದರ ಮೇಲೆ ಎರಡನೇ ಮಾತ್ರೆ ಸೇರಿಸಬೇಕೋ ಬೇಡವೋ ಎಂದು ವೈದ್ಯರು ಯೋಚಿಸುವುದು ಇಂಥ ಅಂತರದಲ್ಲೇ. ಮಾತ್ರೆಯ ಬದಲು ಸ್ಕೇಲಿಂಗ್ ಸಾಕು ಎಂದು ಇದರ ಅರ್ಥವಲ್ಲ. ವಸಡು ಚೆನ್ನಾಗಿರುವವರಿಗೆ ಈ ಲಾಭವೂ ಇಲ್ಲ.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರನ್ನು ನೋಡುವ ಎರಡು ವೃತ್ತಿಗಳು ಬೇರೆಬೇರೆಯಾದದ್ದು 1840ರಲ್ಲಿ. ಆ ವರ್ಷ ಬಾಲ್ಟಿಮೋರಿನಲ್ಲಿ ವೈದ್ಯ ಕಾಲೇಜಿನ ಹೊರಗೆ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಶುರುವಾಯಿತು. ಆ ಮಾದರಿಯಲ್ಲೇ ಅಮೆರಿಕದ ಐಯೋವಾದಲ್ಲಿ ಓದಿ ಬಂದ ರಫೀಉದ್ದೀನ್ ಅಹಮದ್ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜು ಕಟ್ಟಿದರು. 1948ರ ದಂತವೈದ್ಯರ ಕಾಯಿದೆ ಪ್ರತ್ಯೇಕ ಮಂಡಳಿ ಕೊಟ್ಟಿತು. ಬೇರೆಯಾಗದಿದ್ದರೆ ಹಲ್ಲಿನ ವೈದ್ಯ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ಇವತ್ತಿಗೂ ಶುಗರ್ ಕ್ಲಿನಿಕ್ಕಿನಲ್ಲಿ ಚಪ್ಪಲಿ ಬಿಚ್ಚಿಸಿ ಪಾದ ನೋಡುವವರು ಬಾಯಿ ತೆರೆಸುವುದು ಅಪರೂಪ. ಇತ್ತ ಹಲ್ಲಿನ ಡಾಕ್ಟರು ಹಲ್ಲು ಕೀಳುವ ದಿನ ‘ಶುಗರ್ ಎಷ್ಟಿದೆ’ ಎಂದು ಕೇಳುತ್ತಾರೆ, ರಕ್ತ ನಿಲ್ಲುತ್ತದೋ ಗಾಯ ಮಾಯುತ್ತದೋ ಎಂಬ ಆತಂಕಕ್ಕೆ.

ನಡುವೆ ರೋಗಿಯ ಕಡೆಯ ಒಂದು ಅಡ್ಡಿಯೂ ಇದೆ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ’ ಎಂಬ ಮಾತು ಧಾರವಾಡದಲ್ಲೂ ದಾದರಿನಲ್ಲೂ ಒಂದೇ ರೀತಿ ಕೇಳುತ್ತದೆ. ಅದು ಪೂರ್ತಿ ಕಟ್ಟುಕಥೆಯಲ್ಲ. ಮೂಳೆ ಆಗಲೇ ಕರಗಿರುವ ಬಾಯಲ್ಲಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಗಾರೆಯಂತೆ ಕಟ್ಟಿದ ಕಿಟ್ಟವೇ. ಅದನ್ನು ತೆಗೆದ ದಿನ ಹಲ್ಲು ನಿಜವಾಗಿಯೂ ಅಲ್ಲಾಡುತ್ತದೆ, ಸಂದುಗಳು ತೆರೆದು ತಣ್ಣೀರು ಚುಳ್ಳೆನ್ನುತ್ತದೆ. ಊತ ಇಳಿದು ವಸಡು ಬಿಗಿಯಾಗಲು ಕೆಲವು ವಾರ ಬೇಕು. ಆ ಕೆಲವು ವಾರಗಳಲ್ಲೇ ಅನೇಕರು ಡಾಕ್ಟರನ್ನು ಬೈದುಕೊಂಡು ಎರಡನೇ ಭೇಟಿ ತಪ್ಪಿಸುತ್ತಾರೆ. ಲಂಡನ್ನಿನ ಆ ಪ್ರಯೋಗದಲ್ಲಿ ಶುಚಿ ಮಾಡಿಸಿಕೊಂಡವರು ವರ್ಷವಿಡೀ ಮೂರು ತಿಂಗಳಿಗೊಮ್ಮೆ ಬಂದಿದ್ದರು.